ನೋವು ಹೋಯಿತು, ಕೈ ಮೇಲೇಳಲಿಲ್ಲ

ಅದನ್ನು ಮೊದಲು ಕಂಡವಳು ನನ್ನ ಹೆಂಡತಿ. 2023ರ ದೀಪಾವಳಿ, ಎಣ್ಣೆ ಸ್ನಾನದ ಬೆಳಿಗ್ಗೆ. ಬಚ್ಚಲಲ್ಲಿ ಮಣೆ ಮೇಲೆ ಕೂತಿದ್ದೆ, ಅವಳು ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಳು. ಬಲ ಹೆಗಲಿನ ಹತ್ತಿರ ಬಂದಾಗ ಕೈ ನಿಂತಿತು.

"ಇಲ್ಲೊಂದು ಗುಂಡಿ ಉಂಟಲ್ಲ? ಎಣ್ಣೆ ಇಲ್ಲೇ ನಿಲ್ತದೆ ನೋಡಿ."

ನನಗೆ ನನ್ನ ಬೆನ್ನು ಹೇಗೆ ಕಾಣಬೇಕು? ಎಡಗೈಯನ್ನು ಹಿಂದೆ ಹಾಕಿ ಮುಟ್ಟಿ ನೋಡಿದೆ. ಹೆಗಲ ಹಿಂದಿನ ಚಪ್ಪಟೆ ಎಲುಬಿನಲ್ಲಿ ಅಡ್ಡಕ್ಕೆ ಒಂದು ಏಣು ಇರುತ್ತದಲ್ವಾ, ಅದು ಚರ್ಮದಡಿ ಕೋಲಿನ ಹಾಗೆ ಎದ್ದು ನಿಂತಿತ್ತು. ಅದರ ಮೇಲೊಂದು ತಗ್ಗು, ಕೆಳಗೊಂದು ತಗ್ಗು. ಎಡಗಡೆ ಅವಳೇ ಮುಟ್ಟಿ ನೋಡಿದಳು. ಅಲ್ಲಿ ತುಂಬಿಕೊಂಡಿತ್ತು.

ಬಿದ್ದದ್ದು ಅದಕ್ಕೂ ಎರಡು ವರ್ಷ ನಾಲ್ಕು ತಿಂಗಳು ಹಿಂದೆ. ನಮ್ಮದು ಪುತ್ತೂರು ಕಡೆ, ಸಣ್ಣ ಅಡಿಕೆ ತೋಟ. 2021ರ ಜುಲೈ, ಜೋರು ಮಳೆ. ತೋಟದ ತೋಡು ದಾಟಲು ಹಾಕಿದ ಸಂಕ ಪಾಚಿ ಹಿಡಿದಿತ್ತು. ಕಾಲು ಜಾರಿತು. ಬೀಳುವಾಗ ಬಲಗೈಯಲ್ಲಿ ಪಕ್ಕದ ಅಡಿಕೆ ಮರ ಹಿಡಿದೆ. ಮೈಯ ಭಾರವೆಲ್ಲ ಆ ಒಂದು ಕೈಗೆ ಬಿತ್ತು. ಹೆಗಲೊಳಗೆ "ಟಪ್" ಅಂದದ್ದು ನನಗೆ ಕಿವಿಗೆ ಕೇಳಿದಷ್ಟೇ ಸ್ಪಷ್ಟ. ಆ ರಾತ್ರಿ ಬಲ ಮಗ್ಗುಲಲ್ಲಿ ಮಲಗಲು ಆಗಲಿಲ್ಲ. ಮರುದಿನ ತಲೆ ಬಾಚಲೂ ಆಗಲಿಲ್ಲ.

ಕೊರೊನಾದ ಎರಡನೇ ಅಲೆ ಆಗಷ್ಟೇ ಇಳಿಯುತ್ತಿತ್ತು. ಆಸ್ಪತ್ರೆ ಮೆಟ್ಟಿಲು ಹತ್ತಲು ಹೆದರಿಕೆ. ಮೂರು ವಾರ ತೈಲ, ಬಿಸಿನೀರಿನ ಶಾಖ ಅಂತ ಕಳೆದೆ. ಆಮೇಲೆ ಹೋದ ಕಡೆ ಎಕ್ಸ್‌ರೇ ತೆಗೆದರು. ಎಲುಬು ಸರಿ ಇದೆ ಅಂದರು. ನನಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಅದನ್ನು ಕೇಳಿದ ಕೂಡಲೇ "ಫ್ರೋಜನ್ ಶೋಲ್ಡರ್, ಶುಗರ್ ಇದ್ದವರಿಗೆ ಬರ್ತದೆ, ಒಂದೂವರೆ ವರ್ಷದಲ್ಲಿ ತಾನೇ ಬಿಡ್ತದೆ" ಅಂದರು. ಹಾಗೆ ಹೇಳಿದ್ದರಲ್ಲಿ ಅಂಥ ಅತಿರೇಕ ಏನೂ ಇಲ್ಲ. ಸಕ್ಕರೆ ಕಾಯಿಲೆಯವರಿಗೆ ಭುಜ ಹಿಡಿದುಕೊಳ್ಳುವುದು ಜಾಸ್ತಿ ಎನ್ನುವುದು ನಿಜ. ಆದರೆ ಬಿದ್ದ ವಿಷಯ, "ಟಪ್" ಅಂದ ವಿಷಯ ನಾನು ಹೇಳಿದ್ದೆ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ನಾನೂ ಇನ್ನೊಮ್ಮೆ ಹೇಳಲಿಲ್ಲ. ಇವತ್ತಿಗೂ ಆ ಐದು ನಿಮಿಷ ನೆನಪಾದರೆ ಹೊಟ್ಟೆ ಉರಿಯುತ್ತದೆ.

ಮಾತ್ರೆ, ಒಂದು ಇಂಜೆಕ್ಷನ್. ನಾಲ್ಕೈದು ತಿಂಗಳಲ್ಲಿ ನೋವು ಇಳಿಯಿತು. ನೋವು ಇಳಿದರೆ ಕಾಯಿಲೆ ಇಳಿಯಿತು ಅಂತಲೇ ನಾವೆಲ್ಲ ಲೆಕ್ಕ ಹಾಕುವುದು. ನಾನೂ ಹಾಗೇ ಹಾಕಿದೆ. ಆದರೆ ಕೈಗೆ ಬಲ ಬರಲಿಲ್ಲ. ಅಂಗಿ ಗೂಟಕ್ಕೆ ಹಾಕಲು ಎಡಗೈ. ಅಟ್ಟದಿಂದ ಡಬ್ಬ ತೆಗೆಯಲು ಎಡಗೈ. ಲೋಟವನ್ನು ಬಾಯಿಗೆ ತರಲು ಮೊಣಕೈಯನ್ನು ಮೇಜಿಗೆ ಊರುತ್ತಿದ್ದೆ. ಒಂದೊಂದೇ ಕೆಲಸ ಬಲದಿಂದ ಎಡಕ್ಕೆ ಹೋದದ್ದು ಗೊತ್ತೇ ಆಗಲಿಲ್ಲ.

ಗೊತ್ತಾದದ್ದು ದೋಟಿ ಹಿಡಿದಾಗ. ನಮ್ಮಲ್ಲಿ ಈಗ ಮರ ಹತ್ತುವವರು ಸಿಗುವುದಿಲ್ಲ. ಹಾಗಾಗಿ ಕಾರ್ಬನ್ ಫೈಬರ್ ದೋಟಿ ತಗೊಂಡಿದ್ದೆ. ನೆಲದಲ್ಲೇ ನಿಂತು ಗೊನೆ ಕೊಯ್ಯಬಹುದು, ಔಷಧಿ ಬಿಡಬಹುದು. ದೋಟಿ ಹಗುರ ಅಂತ ಎಲ್ಲರೂ ಹೇಳುತ್ತಾರೆ. ಮಡಚಿಟ್ಟಾಗ ಹಗುರ, ನಿಜ. ಐವತ್ತು ಅಡಿ ಮೇಲಕ್ಕೆ ಹೋದ ಮೇಲೆ, ಗಾಳಿಗೆ ತುದಿ ಓಲಾಡುವಾಗ ಅದನ್ನು ತಡೆದು ನಿಲ್ಲಿಸುವುದು ಭುಜವೇ. ನನ್ನ ಬಲಗೈ ಎದೆಮಟ್ಟಕ್ಕಿಂತ ಮೇಲೆ ಹೋಗಲಿಲ್ಲ. ಹೋದರೂ ನಿಲ್ಲಲಿಲ್ಲ. ನೋವಿಲ್ಲ ಮಾರಾಯ್ರೆ, ಬಲವೇ ಇಲ್ಲ. ಆ ವರ್ಷ ಕೊಯ್ಲಿಗೆ ಜನ ಮಾಡಿದೆ. ವಯಸ್ಸಾಯಿತು ಅಂದುಕೊಂಡೆ. ಆಗ ನನಗೆ 54.

ಎಣ್ಣೆ ನಿಂತ ಗುಂಡಿ ನೋಡಿ ಹೆಂಡತಿ ಬಿಡಲಿಲ್ಲ. ಹಬ್ಬ ಮುಗಿದ ವಾರವೇ ಮಂಗಳೂರಿಗೆ ಹೊರಡಿಸಿದಳು.

ಅಲ್ಲಿನ ಎಲುಬಿನ ಡಾಕ್ಟರು ಮೊದಲು ನನ್ನ ಅಂಗಿ ಬಿಚ್ಚಿಸಿ ಹಿಂದೆ ನಿಂತು ನೋಡಿದರು. ಎರಡು ವರ್ಷದಲ್ಲಿ ನನ್ನ ಬೆನ್ನು ನೋಡಿದ ಮೊದಲ ಡಾಕ್ಟರು ಅವರು. ಆಮೇಲೆ ಕೈ ಎತ್ತಿ ಅಂದರು. ಭುಜದ ಮಟ್ಟಕ್ಕೆ ಬರುವ ಮೊದಲೇ ನಿಂತಿತು. ಅವರೇ ನನ್ನ ಕೈ ಹಿಡಿದು ನಿಧಾನಕ್ಕೆ ಎತ್ತಿದರು. ಕಿವಿಯ ಪಕ್ಕದವರೆಗೆ ಸಲೀಸಾಗಿ ಹೋಯಿತು! ಬಿಟ್ಟರು. ಕೈ ದಪ್ಪನೆ ಬಿತ್ತು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಮುಂಗೈಯನ್ನು ಹೊರಗೆ ತಿರುಗಿಸಿ "ಹೀಗೇ ಇಟ್ಕೊಳ್ಳಿ" ಅಂದರು. ಬಿಟ್ಟ ಕೂಡಲೇ ಅದು ತಾನಾಗಿ ಹೊಟ್ಟೆಯ ಕಡೆ ತಿರುಗಿತು. ನಾನು ತಡೆಯಲು ನೋಡಿದೆ, ಆಗಲಿಲ್ಲ.

"ಭುಜ ಹಿಡ್ಕೊಂಡಿದ್ರೆ ನಾನು ಎತ್ತಿದ್ರೂ ಏಳಬಾರದು. ನಾನು ಎತ್ತಿದ್ರೆ ಏಳ್ತದೆ, ನೀವು ಎತ್ತಿದ್ರೆ ಏಳುದಿಲ್ಲ. ಇದು ಹಿಡ್ಕೊಂಡದ್ದಲ್ಲ, ಹರಿದದ್ದು" ಅಂದರು.

ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಹೊಸದರಲ್ಲಿ, ನೋವು ಜಾಸ್ತಿ ಇರುವಾಗ, ಎರಡೂ ಒಂದೇ ಥರ ಕಾಣಬಹುದು. ನೋವಿಗೆ ಯಾರೂ ಕೈ ಎತ್ತಲು ಬಿಡುವುದಿಲ್ಲ. ನೋವು ಇಳಿದ ಮೇಲೂ ಬಲ ಬರದಿದ್ದರೆ ಸುಮ್ನೆ ಕೂರಬೇಡಿ. ಎಕ್ಸ್‌ರೇ ಸರಿ ಇದೆ ಅಂದರೆ ಎಲುಬು ಸರಿ ಇದೆ ಅಂತ ಅಷ್ಟೇ.

ಹರಿದದ್ದು ಏನು? ನಮ್ಮ ಕಡೆ ಎಲ್ಲದಕ್ಕೂ "ನರ" ಅನ್ನುತ್ತಾರೆ. ನರ ಹಿಡಿದಿದೆ, ನರ ಎಳೆದಿದೆ. ಇದು ನರವಲ್ಲ. ಟೆಂಡನ್. ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ. ಭುಜದ ಗುಂಡನ್ನು ಬಟ್ಟಲಿನಲ್ಲಿ ಹಿಡಿದಿಡಲು ನಾಲ್ಕು ಸ್ನಾಯುಗಳಿವೆ. ಒಂದು ಮೇಲೆ, ಒಂದು ಮುಂದೆ, ಎರಡು ಹಿಂದೆ. ನಾಲ್ಕರ ಹುರಿಗಳೂ ಒಟ್ಟು ಸೇರಿ ಗುಂಡಿನ ಮೇಲೆ ಟೊಪ್ಪಿ ಹಾಕಿದ ಹಾಗೆ ಕೂತಿರುತ್ತವೆ. ಇದಕ್ಕೇ ರೊಟೇಟರ್ ಕಫ್ ಅನ್ನುವುದು. ಹೆಚ್ಚಾಗಿ ಹರಿಯುವುದು ಮೇಲಿನದು, ಸುಪ್ರಾಸ್ಪೈನೇಟಸ್. ನನ್ನದರಲ್ಲಿ ಅದು ಪೂರ್ತಿ ಹರಿದಿತ್ತು, ಹಿಂದಿನ ಇನ್‌ಫ್ರಾಸ್ಪೈನೇಟಸ್ ಹುರಿಯೂ ಮುಕ್ಕಾಲು ಪಾಲು ಬಿಟ್ಟಿತ್ತು.

ಎಂಆರ್‌ಐ ರಿಪೋರ್ಟಿನಲ್ಲಿ ಹರಿದದ್ದರ ಜೊತೆ ಇನ್ನೆರಡು ಮಾತು ಇದ್ದವು. ಅಟ್ರೋಫಿ, ಫ್ಯಾಟಿ ಇನ್‌ಫಿಲ್ಟ್ರೇಷನ್. ಸ್ನಾಯು ಬತ್ತಿದೆ, ಅದರೊಳಗೆ ಕೊಬ್ಬು ಸೇರಿದೆ. ಬಸ್ಸಿನಲ್ಲಿ ಬರುವಾಗ ಅದನ್ನೇ ಮತ್ತೆ ಮತ್ತೆ ಓದಿದೆ. ಕೊಬ್ಬು ಅಂದ ಕೂಡಲೇ ಮನೆಯಲ್ಲಿ ಮರುದಿನದಿಂದ ತುಪ್ಪ ಬಂದ್. ದೋಸೆಗೆ ಎಣ್ಣೆಯೂ ಇಲ್ಲ. ಪಾಪ, ಅವಳಿಗೆ ಕೈಲಾದದ್ದು ಅದು.

ಮುಂದಿನ ಸಲ ಡಾಕ್ಟರು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಆ ಚಿತ್ರ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಭುಜವನ್ನು ಪಕ್ಕದಿಂದ ಸೀಳಿದ ನೋಟ. ಹೆಗಲಿನ ಎಲುಬು ಇಂಗ್ಲಿಷಿನ "ವೈ" ಅಕ್ಷರದ ಹಾಗೆ ಕಾಣುತ್ತದೆ. ಅದರ ಕವಲಿನ ನಡುವೆ ಮೇಲಿನ ಸ್ನಾಯು ಕೂತಿರುತ್ತದೆ. ಆ ಚಿತ್ರದಲ್ಲಿ ಸ್ನಾಯು ಬೂದು ಬಣ್ಣ, ಕೊಬ್ಬು ಬಿಳಿ. ಡಾಕ್ಟರು ಕವಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದು ಗೆರೆ ಎಳೆದರು. ಒಳ್ಳೆಯ ಸ್ನಾಯು ಆ ಗೆರೆ ದಾಟಿ ಮೇಲೆ ಉಬ್ಬಿರಬೇಕಂತೆ. ಸೇರಿನಲ್ಲಿ ಅಕ್ಕಿ ಅಳೆಯುವಾಗ ಕಂಠದ ಮೇಲೆ ಗೋಪುರ ನಿಲ್ಲುತ್ತದಲ್ಲ, ಹಾಗೆ. ನನ್ನದು ಅರ್ಧ ಸೇರಿಗೇ ಇಳಿದಿತ್ತು. ಉಳಿದ ಅರ್ಧದಲ್ಲಿ ಬರೀ ಬಿಳಿ. ಇದ್ದ ಬೂದು ಭಾಗದೊಳಗೂ ಬಿಳಿ ಗೆರೆಗಳು, ಹಳೆ ಗೋಡೆಗೆ ಬೇರು ಇಳಿದ ಹಾಗೆ.

ಇದಕ್ಕೆ ಅಳತೆ ಇದೆ. ಗುಟಾಲಿಯೆ ಅಂತ ಒಬ್ಬ ಫ್ರೆಂಚ್ ಸರ್ಜನ್, 1994ರಲ್ಲಿ ಸಿಟಿ ಸ್ಕ್ಯಾನ್ ನೋಡಿ ಮಾಡಿದ ಲೆಕ್ಕ. ಈಗ ಎಂಆರ್‌ಐಗೂ ಅದನ್ನೇ ಬಳಸುತ್ತಾರೆ. ಕೊಬ್ಬೇ ಇಲ್ಲದಿದ್ದರೆ 0. ಅಲ್ಲೊಂದು ಇಲ್ಲೊಂದು ಗೆರೆ ಇದ್ದರೆ 1. ಕೊಬ್ಬು ಕಾಣುತ್ತದೆ, ಆದರೆ ಸ್ನಾಯುವೇ ಜಾಸ್ತಿ ಅಂದರೆ 2. ಎರಡೂ ಸಮ ಸಮ ಇದ್ದರೆ 3. ಕೊಬ್ಬೇ ಜಾಸ್ತಿಯಾದರೆ 4. ನನ್ನ ಮೇಲಿನ ಸ್ನಾಯು 3, ಹಿಂದಿನದು 2.

"ತುಪ್ಪ ಬಿಡಿಸಿದ್ದೇನೆ ಡಾಕ್ಟ್ರೇ" ಅಂದಳು ಇವಳು. ಅವರು ನಗಲಿಲ್ಲ. "ಇದು ತಿಂದು ಬಂದ ಕೊಬ್ಬಲ್ಲಮ್ಮ. ಸ್ನಾಯುವಿಗೆ ಎಳೆಯುವ ಕೆಲಸ ಇಲ್ಲದೆ ಬಂದದ್ದು" ಅಂದರು.

ಹೇಗೆ ಬರುತ್ತದೆ ಅಂತ ನನಗೆ ತಿಳಿಯಲೇಬೇಕಿತ್ತು. ಅವರು ಕಾಗದದ ಮೇಲೆ ಗೀಚಿ ತೋರಿಸಿದರು. ನಾನು ನನಗೆ ಗೊತ್ತಿರುವ ವಸ್ತುವಿನಲ್ಲಿ ಅರ್ಥ ಮಾಡಿಕೊಂಡೆ. ತೆಂಗಿನ ಮಡಲು ನೋಡಿ. ನಡುವೆ ದಿಂಡು, ಎರಡು ಕಡೆ ಗರಿಗಳು ಓರೆಯಾಗಿ ಕೂತಿವೆ. ಈ ಸ್ನಾಯುವೂ ಹೆಚ್ಚು ಕಡಿಮೆ ಹಾಗೇ. ನಡುವಿನ ದಿಂಡೇ ಹುರಿ, ಗರಿಗಳೇ ಸ್ನಾಯುವಿನ ಎಳೆಗಳು. ಹುರಿ ಬಿಗಿಯಾಗಿದ್ದಾಗ ಎಳೆಗಳು ಒತ್ತೊತ್ತಾಗಿ ಮಲಗಿರುತ್ತವೆ. ಹುರಿ ತುಂಡಾದರೆ ದಿಂಡು ಹಿಂದಕ್ಕೆ ಸರಿಯುತ್ತದೆ. ಎಳೆಗಳು ಗಿಡ್ಡವಾಗಿ ಎದ್ದು ನಿಲ್ಲುತ್ತವೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಂದು ಬೀಳುತ್ತದೆ. ಆ ಸಂದುಗಳಲ್ಲಿ ಕೊಬ್ಬು ಬಂದು ಕೂರುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಗರ್ಬರ್ ಎಂಬ ಸರ್ಜನ್ ಮತ್ತು ಅವರ ಜೊತೆಯವರು ಕುರಿಗಳ ಭುಜದಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಹುರಿ ಬಿಡಿಸಿ, ತಿಂಗಳುಗಟ್ಟಲೆ ಬಿಟ್ಟು, ಆಮೇಲೆ ಒಳಗೆ ಏನಾಗಿದೆ ಅಂತ ಪರೀಕ್ಷೆ ಮಾಡಿದರು.

ಕೊಬ್ಬು ಹೊರಗಿಂದ ಹರಿದು ಬರುವುದೂ ಅಲ್ಲವಂತೆ. ಸ್ನಾಯುವಿನ ಎಳೆಗಳ ನಡುವೆಯೇ ಒಂದು ಬಗೆಯ ಜೀವಕೋಶಗಳಿವೆ. ಸ್ನಾಯುವಿಗೆ ಗಾಯವಾದರೆ ರಿಪೇರಿಗೆ ನೆರವಾಗುವುದು ಅವುಗಳ ಕೆಲಸ. 2010ರಲ್ಲಿ ಇಲಿಗಳಲ್ಲಿ ಅವುಗಳನ್ನು ಗುರುತಿಸಿದರು. ಎಳೆತ ತಪ್ಪಿದ ಸ್ನಾಯುವಿನಲ್ಲಿ ಇದೇ ಕೋಶಗಳು ಕೊಬ್ಬಿನ ಕೋಶಗಳಾಗಿ ಬದಲಾಗುತ್ತವೆ. ಕಟ್ಟಲು ಇದ್ದವರೇ ಜಾಗ ತುಂಬಿಸಿಬಿಡುತ್ತಾರೆ. ಇದನ್ನು ಕೇಳಿ ನನಗೆ ಯಾಕೋ ತುಂಬಾ ಬೇಜಾರಾಯಿತು.

"ಹಾಗಾದ್ರೆ ವ್ಯಾಯಾಮ ಮಾಡಿ ಬೆಳೆಸಬಹುದಾ?" ಅಂತ ಕೇಳಿದೆ. ಗಂಟು ಬಿಚ್ಚಿದ ಹಗ್ಗವನ್ನು ಎಷ್ಟು ಎಳೆದರೇನು, ದೋಣಿ ಬರುವುದಿಲ್ಲ. ಸುತ್ತಲಿನ ಬೇರೆ ಸ್ನಾಯುಗಳನ್ನು ಗಟ್ಟಿ ಮಾಡಬಹುದು, ತುಂಬಾ ಜನರಿಗೆ ಅದರಿಂದಲೇ ಕೆಲಸ ನಡೆಯುತ್ತದೆ. ಆದರೆ ಹುರಿ ಹರಿದ ಸ್ನಾಯು ವ್ಯಾಯಾಮಕ್ಕೆ ಮರಳಿ ಮೊದಲಿನ ಹಾಗೆ ಆಗುವುದಿಲ್ಲ. ಇನ್ನೂ ಒಂದು ವಿಷಯ ಹೇಳಿದರು, ಅದು ನನ್ನನ್ನು ಕುಗ್ಗಿಸಿತು. ಹೊಲಿದ ಮೇಲೆ, ಹೊಲಿಗೆ ಕೂಡಿಕೊಂಡರೆ, ಬತ್ತಿದ ಸ್ನಾಯು ಸ್ವಲ್ಪ ತುಂಬಿಕೊಳ್ಳಬಹುದು. ಒಳಗೆ ಸೇರಿದ ಕೊಬ್ಬು ಮಾತ್ರ ಹೆಚ್ಚಾಗಿ ಹೋಗುವುದಿಲ್ಲ. ಮುಂದೆ ಹೆಚ್ಚಾಗದಂತೆ ತಡೆಯಬಹುದು, ಅಷ್ಟೇ. ಕೊಬ್ಬು 3, 4ಕ್ಕೆ ಹೋದರೆ ಹೊಲಿಗೆ ಮತ್ತೆ ಬಿಡುವ ಸಂಭವವೂ ಜಾಸ್ತಿ. ಸ್ನಾಯು ಗಿಡ್ಡವಾಗಿ ಬಿಗಿದಿರುತ್ತದೆ, ಹುರಿಯನ್ನು ಎಲುಬಿನವರೆಗೆ ಎಳೆದು ತರುವುದೇ ಕಷ್ಟ.

ಮನೆಗೆ ಬಂದು ಮಗಳ ಹತ್ತಿರ ಕೂತು ಇನ್ನಷ್ಟು ಓದಿಸಿಕೊಂಡೆ. 2010ರಲ್ಲಿ ಫ್ರಾನ್ಸಿನ ಸರ್ಜನ್‌ಗಳು 1688 ಜನರ ಭುಜದ ದಾಖಲೆ ನೋಡಿ ಬರೆದ ಒಂದು ಲೇಖನ ಸಿಕ್ಕಿತು. ಮೇಲಿನ ಸ್ನಾಯುವಿನಲ್ಲಿ ಮಧ್ಯಮ ಮಟ್ಟದ ಕೊಬ್ಬು ಕಾಣಿಸಿಕೊಳ್ಳುವುದು ತೊಂದರೆ ಶುರುವಾಗಿ ಸರಾಸರಿ ಮೂರು ವರ್ಷಕ್ಕೆ, ತೀವ್ರ ಮಟ್ಟಕ್ಕೆ ಹೋಗುವುದು ಸರಾಸರಿ ಐದು ವರ್ಷಕ್ಕೆ. ಸರಾಸರಿ ಅಂದರೆ ಕೆಲವರಿಗೆ ಮೊದಲೇ. ನನಗೆ ಎರಡು ವರ್ಷ ನಾಲ್ಕು ತಿಂಗಳಿಗೇ 3 ಆಗಿತ್ತು. ಅಂದರೆ ನಾನು ಎಡಗೈಯಲ್ಲಿ ಅಂಗಿ ನೇತುಹಾಕುತ್ತಾ "ಪರವಾಗಿಲ್ಲ, ನೋವಿಲ್ಲ" ಅನ್ನುತ್ತಿದ್ದ ಒಂದೊಂದು ತಿಂಗಳೂ ಒಳಗೆ ಬಿಳಿ ಏರುತ್ತಿತ್ತು. ಸದ್ದಿಲ್ಲ, ನೋವಿಲ್ಲ. ನೋವಿದ್ದಿದ್ದರೆ ಹೋಗಿಯಾದರೂ ತೋರಿಸುತ್ತಿದ್ದೆ.

ಓದುವವರಲ್ಲಿ ಯಾರೂ ಹೆದರಬಾರದು ಅಂತ ಇದನ್ನೂ ಹೇಳುತ್ತೇನೆ. ಹರಿದದ್ದನ್ನೆಲ್ಲ ಹೊಲಿಯಲೇಬೇಕು ಅಂತೇನಿಲ್ಲ. ಅರವತ್ತು ದಾಟಿದ ಎಷ್ಟೋ ಜನರ ಭುಜದಲ್ಲಿ ಸ್ಕ್ಯಾನ್ ಮಾಡಿದರೆ ಹರಿದದ್ದು ಕಾಣುತ್ತದೆ, ಅವರಿಗೆ ಯಾವ ತೊಂದರೆಯೂ ಇರುವುದಿಲ್ಲ. ವಯಸ್ಸಿಗೆ ನಿಧಾನಕ್ಕೆ ಸವೆದು ಹರಿಯುವುದು ಬೇರೆ. ಗಟ್ಟಿಮುಟ್ಟಾಗಿ ದುಡಿಯುತ್ತಿದ್ದವನು ಬಿದ್ದು, ಅದೇ ದಿನದಿಂದ ಕೈ ಎತ್ತಲಾಗದೆ ಹೋಗುವುದು ಬೇರೆ. ಎರಡನೆಯದಕ್ಕೆ ಕಾಯಬಾರದು ಅನ್ನುತ್ತಾರೆ ಡಾಕ್ಟರು. ಇದೇನು ಹೊಸ ವಿದ್ಯೆಯೂ ಅಲ್ಲ. ಅಮೆರಿಕದ ಬಾಸ್ಟನ್‌ನ ಕಾಡ್‌ಮನ್ ಎಂಬ ಸರ್ಜನ್ ಇದೇ ಮೇಲಿನ ಹುರಿಯನ್ನು ಹೊಲಿದು ಸರಿಮಾಡಿದ್ದರ ಬಗ್ಗೆ 1911ರಲ್ಲೇ ಬರೆದಿದ್ದರು.

ಶುಗರ್ ಇಳಿಯದೆ ಆಪರೇಷನ್ ಇಲ್ಲ ಅಂದರು. ಸಕ್ಕರೆ ಜಾಸ್ತಿ ಇದ್ದರೆ ಹೊಲಿದ ಹುರಿ ಎಲುಬಿಗೆ ಕೂಡಿಕೊಳ್ಳುವುದು ನಿಧಾನ. ಸಕ್ಕರೆಯ ಮೂರು ತಿಂಗಳ ಸರಾಸರಿ (HbA1c) ನನ್ನದು 9.1 ಇತ್ತು. ಅನ್ನ ಕಡಿಮೆ ಮಾಡಿ, ನಡೆದು, ಮಾತ್ರೆ ಬದಲಿಸಿ 7.2ಕ್ಕೆ ತಂದೆ. 2024ರ ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ಸಣ್ಣ ಸಣ್ಣ ತೂತು, ಒಳಗೆ ಕ್ಯಾಮೆರಾ, ಎಲುಬಿನಲ್ಲಿ ಮೊಳೆಯ ಹಾಗೆ ಕೂರಿಸುವ ಆಂಕರ್‌ಗಳು, ಅವಕ್ಕೆ ದಾರ. ಹಿಂದಿನ ಹುರಿ ಚೆನ್ನಾಗಿ ಕೂತಿತು. ಮೇಲಿನದು ಪೂರ್ತಿ ಬರಲಿಲ್ಲ. ಎಷ್ಟು ಬಂತೋ ಅಷ್ಟಕ್ಕೆ ಕಟ್ಟಿದ್ದಾರೆ.

ಆರು ವಾರ ಕೈ ಜೋಳಿಗೆಯಲ್ಲಿ. ಮಲಗಿದರೆ ಎಳೆದು ನೋಯುತ್ತಿತ್ತು, ಹಾಗಾಗಿ ಜಗಲಿಯ ಆರಾಮ ಕುರ್ಚಿಯಲ್ಲೇ ರಾತ್ರಿ ಕಳೆದೆ. ಮುಂದಕ್ಕೆ ಬಗ್ಗಿ ಕೈಯನ್ನು ಬಾವಿಯ ಹಗ್ಗದ ಹಾಗೆ ಇಳಿಬಿಟ್ಟು ಮೆಲ್ಲಗೆ ಸುತ್ತಿಸುವ ವ್ಯಾಯಾಮ ಇದೆ, ಅದಕ್ಕೂ ಕಾಡ್‌ಮನ್ ಹೆಸರೇ ಇದೆ. ಫಿಸಿಯೋ ಮಾಡಿಸುವ ಹುಡುಗಿ "ಅಂಕಲ್, ನೀವು ತಿರುಗಿಸ್ಬೇಡಿ, ಮೈ ತಿರುಗಲಿ, ಕೈ ಸುಮ್ನೆ ಹಿಂದೆ ಬರಲಿ" ಅನ್ನುತ್ತಿದ್ದಳು. ಅದನ್ನು ಕಲಿಯಲು ನನಗೆ ಒಂದು ವಾರ ಬೇಕಾಯಿತು. ನಮ್ಮ ಕೈಯನ್ನು ಸುಮ್ಮನೆ ಬಿಡುವುದು ಅಷ್ಟು ಸುಲಭವಲ್ಲ. ಮೂರು ತಿಂಗಳ ನಂತರ ರಬ್ಬರ್ ಪಟ್ಟಿ ಎಳೆಯಲು ಬಿಟ್ಟರು.

ಈಗ ಒಂದೂವರೆ ವರ್ಷ ಆಯಿತು. ಅಂಗಿ ಗೂಟಕ್ಕೆ ಬಲಗೈ ಹೋಗುತ್ತದೆ. ತಲೆ ಬಾಚುತ್ತೇನೆ. ಊಟದ ಲೋಟ ಮೇಜಿಗೆ ಮೊಣಕೈ ಊರದೆ ಬಾಯಿಗೆ ಬರುತ್ತದೆ, ಇದು ನನಗೆ ದೊಡ್ಡ ವಿಷಯ. ಹೆಗಲ ಏಣಿನ ಕೆಳಗಿನ ತಗ್ಗು ಸ್ವಲ್ಪ ತುಂಬಿದೆ ಅನ್ನುತ್ತಾಳೆ ಹೆಂಡತಿ. ಮೇಲಿನದು ಹಾಗೇ ಇದೆ. ದೋಟಿ ಹಿಡಿಯಲು ಆಗುವುದಿಲ್ಲ, ಇನ್ನು ಆಗುವುದೂ ಇಲ್ಲ. ಹೊಲಿಗೆ ಬಿಟ್ಟರೆ ಮುಂದೇನು ಅಂತ ಕೇಳಿದ್ದೆ. ಭುಜದ ಕೀಲನ್ನೇ ತಿರುವುಮುರುವು ಮಾಡಿ ಕೂರಿಸುವ ಆಪರೇಷನ್ ಇದೆಯಂತೆ. ಗುಂಡಿದ್ದಲ್ಲಿ ಬಟ್ಟಲು, ಬಟ್ಟಲಿದ್ದಲ್ಲಿ ಗುಂಡು. ಆಗ ಹೊರಗಿನ ದಪ್ಪ ಸ್ನಾಯು ಒಂದರಿಂದಲೇ ಕೈ ಎತ್ತಬಹುದು. ಫ್ರಾನ್ಸಿನ ದಿಜೋನ್ ಊರಿನ ಗ್ರಾಮೋಂ ಎಂಬವರು 1985ರ ಹೊತ್ತಿಗೆ ಮಾಡಿದ್ದು. ಸದ್ಯ ನನಗೆ ಅದು ಬೇಡ.

ಇದನ್ನೆಲ್ಲ ಈಗ ಕೂತು ಬರೆಯಲು ಕಾರಣ ಭಾವ.

ಹೋದ ತಿಂಗಳು ಅವರು ಬೈಕಿನಿಂದ ಬಿದ್ದರು. ವಯಸ್ಸು 51. ಮೂರು ವಾರ ಬಿಟ್ಟು ನಮ್ಮಲ್ಲಿಗೆ ಬಂದಾಗ ಎಡಗೈಯಲ್ಲಿ ಕಾಫಿ ತಗೊಂಡರು. ನಾನು ನೋಡುತ್ತಲೇ ಇದ್ದೆ. "ನೋವು ಸುಮಾರು ಕಡಿಮೆ ಆಯ್ತು ಭಾವ, ಎಕ್ಸ್‌ರೇ ಸರಿ ಉಂಟು, ಬಾವು ಇಳಿಯಲಿ ಅಂದಿದ್ದಾರೆ" ಅಂದರು. ಜಗಲಿಯಲ್ಲೇ ನಿಲ್ಲಿಸಿದೆ. ಕೈ ಎತ್ತಿ ಅಂದೆ. ಎದೆಮಟ್ಟಕ್ಕೆ ನಿಂತಿತು. ನಾನು ಮೆಲ್ಲನೆ ಹಿಡಿದು ಎತ್ತಿದೆ, ಮೇಲೆ ಹೋಯಿತು. ಇನ್ನೊಂದು ಕೈ ಅಡಿಯಲ್ಲಿಟ್ಟು ಬಿಟ್ಟೆ. ಅವರ ಕೈ ನನ್ನ ಅಂಗೈಗೆ ಬಿತ್ತು.

ಮರುದಿನವೇ ಮಂಗಳೂರಿಗೆ ನಾನೇ ಕರೆದುಕೊಂಡು ಹೋದೆ. ಎಂಆರ್‌ಐ ಆಯಿತು. ಅದೇ ಮೇಲಿನ ಹುರಿ, ಪೂರ್ತಿ ಹರಿದಿದೆ.

ಸಂಜೆ ಮನೆಗೆ ಬಂದು ನನ್ನ ಹಳೆ ಫಿಲ್ಮನ್ನು ಕಪಾಟಿನಿಂದ ತೆಗೆದೆ. ಜಗಲಿಯ ಕಿಟಕಿ ಬೆಳಕಿಗೆ ಎರಡನ್ನೂ ಒಟ್ಟಿಗೆ ಹಿಡಿದೆವು. ನನ್ನದನ್ನು ಬಲಗೈಯಲ್ಲಿ ಹಿಡಿದಿದ್ದೆ. ಅದೇ "ವೈ" ಅಕ್ಷರ, ಅದೇ ಕವಲು. ನನ್ನದರಲ್ಲಿ ಬಿಳಿ. ಭಾವನದರಲ್ಲಿ ಬೂದು ಬಣ್ಣ ಕಂಠದವರೆಗೆ ತುಂಬಿ, ಗೆರೆ ದಾಟಿ ಮೇಲೆ ಉಬ್ಬಿತ್ತು. ಬಿಳಿ ಗೆರೆ ಹುಡುಕಿದೆ, ಒಂದೂ ಕಾಣಲಿಲ್ಲ.

ಅವರು ಎರಡನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಡಾಕ್ಟರ ನಂಬರು ಕೇಳಿದರು. ಬರುವ ಗುರುವಾರ ಆಪರೇಷನ್.